ಪಕ್ಕದ ಮನೆ ಅಜ್ಜಿ ಹೇಳುವ ‘ನಮ್ಮ ಸ್ಪೇನಿನವನು’ ಯಾರು? ಯುದ್ಧಕಾಲದ ಫ್ರಾನ್ಸಿನ ಹಳ್ಳಿ ಬಗ್ಗೆ ಒಂದು ಪ್ರಶ್ನೆ

ತುಲೂಸ್ ಮಂಜು:

ಎಲ್ಲರಿಗೂ ನಮಸ್ಕಾರ. ತುಲೂಸಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಪೇಟೆಯಲ್ಲಿ ಬಾಡಿಗೆ ಜಾಸ್ತಿ ಅಂತ ಮೊಂತೊಬಾನ್ ದಾಟಿ ಇನ್ನೂ ಉತ್ತರಕ್ಕೆ, ಸೆಪ್‌ಫೋಂ ಹತ್ತಿರದ ಹಳ್ಳಿಯಲ್ಲಿ ಮನೆ ಹಿಡಿದಿದ್ದೇವೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ತೊಂಬತ್ತು ಹತ್ತಿರ ಬಂತು. ಆದರೂ ಕೋಳಿಗೆ ಕಾಳು ತಾವೇ ಹಾಕಬೇಕು, ಟೊಮ್ಯಾಟೊ ಗಿಡಕ್ಕೆ ಕೋಲು ತಾವೇ ನೆಡಬೇಕು.

ನಮ್ಮಿಬ್ಬರ ಹಿತ್ತಿಲ ನಡುವೆ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆ ಇದೆ. ಒಂದು ಕಲ್ಲು ಅಲ್ಲಾಡುತ್ತಿತ್ತು, ಮೇಸ್ತ್ರಿ ಕರೆಸೋಣವಾ ಅಂತ ಕೇಳಿದೆ. ‘ಬೇಡ, ಅದು ನಮ್ಮ ಸ್ಪೇನಿನವನು ಕಟ್ಟಿದ್ದು, ಬೀಳಲ್ಲ’ ಅಂದರು. ಕೆದಕಿದೆ. ಯುದ್ಧದ ಕಾಲದಲ್ಲಿ ಅವರ ಅಪ್ಪ ಜರ್ಮನಿಯಲ್ಲಿ ಸೆರೆಯಲ್ಲಿದ್ದರಂತೆ. ಅಮ್ಮ ಒಬ್ಬರೇ ಹೊಲ ನೋಡಿಕೊಳ್ಳುತ್ತಿದ್ದರು. ಆಗ ಕ್ಯಾಂಪಿನಿಂದ ಒಬ್ಬ ಆಳು ಬಂದ. ಕೊಟ್ಟಿಗೆಯ ಅಟ್ಟದಲ್ಲಿ ಮಲಗುತ್ತಿದ್ದ. ಒಂದು ದಿನ ಕಾಗದ ಬಂತು, ಹೋದ. ಆಮೇಲೆ ಇನ್ನೊಬ್ಬ ಬಂದ. ಅವನು ಸ್ಪೇನಿನವನಲ್ಲ, ವಿಯೆನ್ನಾದ ದರ್ಜಿ. ಎತ್ತು ಕಂಡರೆ ಹೆದರುತ್ತಿದ್ದ, ಆದರೆ ಅಪ್ಪನ ಹಳೆ ಕೋಟು ಬಿಚ್ಚಿ ಮಕ್ಕಳಿಗೆಲ್ಲ ಬಟ್ಟೆ ಹೊಲಿದುಕೊಟ್ಟ. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಪೊಲೀಸರು ಬಂದು ಕರೆದುಕೊಂಡು ಹೋದರು. ಅಷ್ಟು ಹೇಳಿ ಅಜ್ಜಿ ಮಾತು ಬೇರೆ ಕಡೆ ತಿರುಗಿಸಿದರು, ನಾನೂ ಒತ್ತಾಯ ಮಾಡಲಿಲ್ಲ.

ಈಗ ನನ್ನ ಪ್ರಶ್ನೆ. ಇವರೆಲ್ಲ ಯಾರು? ಕೈದಿಗಳಾ, ಕೂಲಿಗಳಾ, ನಿರಾಶ್ರಿತರಾ? ಹೊಲಕ್ಕೆ ಯಾರು ಕಳಿಸುತ್ತಿದ್ದರು? ಸಂಬಳ ಇತ್ತಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬಸವರಾಜ್ ಗದಗ:

ನನಗೂ ಒಂದು ಅನುಮಾನ. ಎರಡನೇ ಮಹಾಯುದ್ಧದಲ್ಲಿ ಸ್ಪೇನ್ ಇರಲೇ ಇಲ್ಲ ಅಲ್ವಾ? ಮತ್ತೆ ಸ್ಪೇನಿನ ಕೈದಿಗಳು ಎಲ್ಲಿಂದ ಬಂದರು? ಅಜ್ಜಿಗೆ ಮರೆವು ಇರಬಹುದು. ಇಟಲಿಯವನೋ ಏನೋ.

ಸಾಗರದ ಸುಮಾ:

ಮರೆವು ಅಲ್ಲ ಬಸವರಾಜ್ ಅವರೇ, ಅಜ್ಜಿ ಹೇಳಿದ್ದು ಸರಿಯಾಗಿದೆ. ನಾನು ಸಾಗರದ ಕಡೆಯವಳು, ಮದುವೆಯಾಗಿ ಮೊಂತೊಬಾನ್‌ನಲ್ಲಿದ್ದೇನೆ. ನನ್ನ ಗಂಡನ ಅಜ್ಜ ಅಂಥದ್ದೇ ಒಬ್ಬ ‘ಸ್ಪೇನಿನವನು’. ಅವರನ್ನು ನಾನು ನೋಡಿಲ್ಲ. ಅತ್ತೆಯ ಬಾಯಲ್ಲಿ ಮಾತ್ರ ಕೇಳಿದ್ದು, ಆಮೇಲೆ ಹುಚ್ಚು ಹಿಡಿದು ಓದಿದ್ದು. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಮಹಾಯುದ್ಧಕ್ಕೆ ಮೊದಲೇ ಸ್ಪೇನಿನಲ್ಲಿ ಅವರದ್ದೇ ಯುದ್ಧ ಆಯಿತು, 1936ರಿಂದ 1939ರವರೆಗೆ. ಚುನಾಯಿತ ಸರ್ಕಾರದ ವಿರುದ್ಧ ಸೇನಾಧಿಕಾರಿಗಳು ಬಂಡೆದ್ದರು, ಕೊನೆಗೆ ಅವರ ನಾಯಕ ಫ್ರಾಂಕೋ ಗೆದ್ದ. 1939ರ ಜನವರಿ 26ಕ್ಕೆ ಬಾರ್ಸಿಲೋನಾ ಬಿತ್ತು. ಅಲ್ಲಿಂದ ಎರಡು ಮೂರು ವಾರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಚಳಿಯಲ್ಲಿ ಪಿರನೀಸ್ ಬೆಟ್ಟ ಹತ್ತಿಳಿದು ಫ್ರಾನ್ಸಿಗೆ ಬಂದರು. ಫ್ರಾನ್ಸ್ ಮೊದಲು ಹೆಂಗಸರು ಮಕ್ಕಳನ್ನು ಬಿಟ್ಟಿತು, ಫೆಬ್ರವರಿ 5ರಿಂದ ಸೈನಿಕರನ್ನೂ ಬಿಟ್ಟಿತು, ಬಂದೂಕು ಗಡಿಯಲ್ಲೇ ಇಡಬೇಕು ಅನ್ನುವ ಷರತ್ತಿನ ಮೇಲೆ. ನಮ್ಮ ಅಜ್ಜ ಲ ಪೆರ್ತ್ಯೂಸ್ ಗಡಿಯಲ್ಲಿ ದಾಟಿದ್ದು. ಅವರು ಅರಗಾನ್ ಕಡೆಯ ರೈತರ ಮಗ, ಊರಲ್ಲಿ ಬಾದಾಮಿ ಮರ ಇದ್ದವಂತೆ.

ಗಡಿ ದಾಟಿದ ಮೇಲೆ ಏನಿತ್ತು ಗೊತ್ತಾ? ಸಮುದ್ರದಂಡೆ. ಅರ್ಜಲೆಸ್ ಅನ್ನುವ ಊರಿನ ಬೀಚು. ಈಗ ಬೇಸಿಗೆಯಲ್ಲಿ ಜನ ಛತ್ರಿ ನೆಟ್ಟುಕೊಂಡು ಮಲಗುವ ಜಾಗ. ಆಗ ಮೂರು ಕಡೆ ಮುಳ್ಳುತಂತಿ, ನಾಲ್ಕನೇ ಕಡೆ ನೀರು. ಶೆಡ್ಡು ಆಮೇಲೆ ಬಂದವು, ಮೊದಮೊದಲು ಏನೂ ಇಲ್ಲ. ಮರಳಲ್ಲಿ ಗುಂಡಿ ತೋಡಿ ಮಲಗುವುದು. ಕುಡಿಯುವ ನೀರು ಉಪ್ಪುಪ್ಪು, ಹೊಟ್ಟೆ ಕೆಟ್ಟು ಎಷ್ಟೋ ಜನ ಸತ್ತರು. ಅದೊಂದರಲ್ಲೇ 75,000ಕ್ಕೂ ಹೆಚ್ಚು ಜನ. ಜಾಗ ಸಾಲದೆ ಒಳನಾಡಲ್ಲಿ ಬೇರೆ ಕ್ಯಾಂಪು ಕಟ್ಟಿದರು. ಅದರಲ್ಲೊಂದು, ಮಂಜು ಅವರೇ, ನಿಮ್ಮ ಮನೆ ಹತ್ತಿರದ ಸೆಪ್‌ಫೋಂ. ಹುಲ್ಲಿನ ಟೋಪಿ ಮಾಡುವ ಪುಟ್ಟ ಊರದು. ಊರಾಚೆ ಬಯಲಲ್ಲಿ 1939ರ ವಸಂತದ ಹೊತ್ತಿಗೆ 16,000 ಸ್ಪೇನಿನವರನ್ನು ತುಂಬಿದ್ದರು. ಊರ ಜನಕ್ಕಿಂತ ಎಷ್ಟೋ ಪಟ್ಟು. ಹೊರಗೆ ಅವರ ಸ್ಮಶಾನ ಇದೆ, 81 ಜನರದ್ದು. ಒಂದು ಭಾನುವಾರ ಹೋಗಿ ಬನ್ನಿ.

ಇನ್ನು ಕೆಲಸದ ವಿಷಯ. ಇಷ್ಟು ಜನಕ್ಕೆ ಸುಮ್ನೆ ಕೂರಿಸಿ ಊಟ ಹಾಕೋದಾ ಅಂತ ಫ್ರಾನ್ಸಿನಲ್ಲಿ ಗಲಾಟೆ ಶುರುವಾಯಿತು. 1939ರ ಏಪ್ರಿಲ್ 12ಕ್ಕೆ ಒಂದು ಆದೇಶ ಬಂತು: ಆಶ್ರಯ ಪಡೆದ 20ರಿಂದ 48 ವರ್ಷದ ಗಂಡಸರು ದೇಶಕ್ಕೆ ದುಡಿಯಬೇಕು. ಸುಮಾರು 250 ಜನರ ಒಂದೊಂದು ತುಕಡಿ, ಮೇಲೆ ಫ್ರೆಂಚ್ ಅಧಿಕಾರಿ. ಗಡಿಯಲ್ಲಿ ಕೋಟೆ ಕಟ್ಟಿಸಿದರು, ರಸ್ತೆ ಮಾಡಿಸಿದರು, ಮದ್ದುಗುಂಡಿನ ಕಾರ್ಖಾನೆಗೆ ಹಾಕಿದರು. ಇದು ಬೇಡ ಅಂದವನಿಗೆ ಉಳಿದ ದಾರಿ: ವಿದೇಶಿಯರ ಸೈನ್ಯದ ತುಕಡಿ ಸೇರುವುದು, ಇಲ್ಲ ಯಾರಾದರೂ ಫ್ರೆಂಚ್ ಮಾಲೀಕ ಕೆಲಸ ಕೊಡುತ್ತೇನೆ ಅಂತ ಕಾಗದ ಬರೆದುಕೊಡುವುದು, ಇಲ್ಲ ವಾಪಸ್ ಸ್ಪೇನಿಗೆ. ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ವಾಪಸ್ ಹೋದರು. ಉಳಿದವರಿಗೆ ವಾಪಸ್ ಅಂದರೆ ಜೈಲು ಅಥವಾ ಗುಂಡು.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಜರ್ಮನ್ನರ ಕೈಗೆ ಸಿಕ್ಕ ತುಕಡಿಗಳವರ ಕಥೆ ಬೇರೆ. ಅವರನ್ನು ಯುದ್ಧಕೈದಿ ಅಂತ ನೋಡದೆ ಆಸ್ಟ್ರಿಯಾದ ಮೌತ್‌ಹೌಸನ್ ಕ್ಯಾಂಪಿಗೆ ಕಳಿಸಿದರು. 7,000ಕ್ಕೂ ಹೆಚ್ಚು ಸ್ಪೇನಿನವರು ಹೋದರು, ಮೂರರಲ್ಲಿ ಎರಡು ಪಾಲು ಅಲ್ಲಿನ ಕಲ್ಲುಗಣಿಯಲ್ಲಿ ಮುಗಿದರು. ನಮ್ಮ ಅಜ್ಜನ ತುಕಡಿ ಹೇಗೋ ನಡೆದುಕೊಂಡು ದಕ್ಷಿಣಕ್ಕೆ ತಪ್ಪಿಸಿಕೊಂಡು ಬಂತು. ಅವರ ಜೊತೆಗೆ ಗುಂಡಿ ತೋಡಿ ಮಲಗಿದ್ದ ಊರಿನ ಗೆಳೆಯ ಬರಲಿಲ್ಲ.

ನಿಮ್ಮ ಅಜ್ಜಿಯ ಮನೆಗೆ ಆಳು ಬಂದದ್ದು ಇದಾದ ಮೇಲಿನ ವ್ಯವಸ್ಥೆಯಲ್ಲಿ ಇರಬೇಕು. ಉತ್ತರ ಜರ್ಮನ್ನರ ಕೈಯಲ್ಲಿ, ದಕ್ಷಿಣದಲ್ಲಿ ಅವರ ಜೊತೆ ರಾಜಿ ಮಾಡಿಕೊಂಡ ಫ್ರೆಂಚ್ ಸೇನಾನಿ ಪೆತೆನ್‌ನ ಸರ್ಕಾರ, ವಿಶಿ ಅನ್ನುವ ಊರಲ್ಲಿ ಕೂತದ್ದು. 1940ರ ಸೆಪ್ಟೆಂಬರ್ 27ಕ್ಕೆ ಹೊಸ ಕಾನೂನು ಮಾಡಿತು. ದೇಶದ ದುಡಿಮೆಗೆ ಬೇಡವಾಗಿ ಹೆಚ್ಚಾದ ವಿದೇಶಿಯರು, 18ರಿಂದ 55 ವರ್ಷದ ಗಂಡಸರು, ತಮ್ಮ ದೇಶಕ್ಕೆ ಹಿಂದಿರುಗಲಾರದವರಾದರೆ, ಅವರನ್ನು ‘ವಿದೇಶಿ ಕೆಲಸಗಾರರ ಗುಂಪು’ಗಳಿಗೆ ಸೇರಿಸಬಹುದು. ನಗು ಬರುವ ಮಾತು ನೋಡಿ. ಬೇಡವಾದವರು ಅಂತ ಕಾನೂನು ಹೇಳುತ್ತೆ, ಅದೇ ಹೊತ್ತಿಗೆ ಸುಮಾರು 15 ಲಕ್ಷ ಫ್ರೆಂಚ್ ಸೈನಿಕರು ಜರ್ಮನಿಯಲ್ಲಿ ಸೆರೆ, ಅವರಲ್ಲಿ ರೈತರು ಲೆಕ್ಕವಿಲ್ಲದಷ್ಟು. ಹಳ್ಳಿಯಲ್ಲಿ ನೇಗಿಲು ಹಿಡಿಯೋಕೆ ಗಂಡಸೇ ಇಲ್ಲ. ದ್ರಾಕ್ಷಿ ಕೀಳಬೇಕು, ಗೋಧಿ ಕೊಯ್ಯಬೇಕು. ಹಾಗಾಗಿ ಗುಂಪಿನ ಕಚೇರಿಯಿಂದ ಒಬ್ಬರು ಇಬ್ಬರನ್ನು ಹೊಲಗಳಿಗೆ ಕೊಡುತ್ತಿದ್ದರು.

ಸಂಬಳ ಕೇಳಿದಿರಿ. ಕಾನೂನಿನಲ್ಲೇ ಬರೆದಿತ್ತು, ಸಂಬಳ ಇಲ್ಲ ಅಂತ. ದುಡಿಮೆ ನೋಡಿ ಏನಾದರೂ ಭತ್ಯೆ ಕೊಡಬಹುದು, ಹೆಂಡತಿ ಮಕ್ಕಳಿಗೆ ಸ್ವಲ್ಪ ಸಹಾಯಧನ, ಅಷ್ಟೇ. ಆದರೂ ಹೊಲದ ಕೆಲಸಕ್ಕೆ ಎಲ್ಲರೂ ಬಾಯಿ ಬಿಡುತ್ತಿದ್ದರು. ಯಾಕೆಂದರೆ ಊಟ. ಕ್ಯಾಂಪಲ್ಲಿ ನೀರಿನಂಥ ಗಡ್ಡೆ ಸಾರು. ಹೊಲದ ಮನೆಯಲ್ಲಿ ಮೊಟ್ಟೆ, ಹಂದಿ ಕೊಬ್ಬು, ಬ್ರೆಡ್ಡು. ಅಜ್ಜ ಹೇಳುತ್ತಿದ್ದರಂತೆ, ಮೊದಲ ರಾತ್ರಿ ಮನೆಯೊಡತಿ ಇವರ ತಟ್ಟೆಯನ್ನು ಕೊಟ್ಟಿಗೆಗೆ ಕಳಿಸಿದಳು. ಕೊಯ್ಲು ಮುಗಿಯುವ ಹೊತ್ತಿಗೆ ಮೇಜಿಗೇ ಕರೆದಳು. ಆದರೆ ಕೊನೆಯವರೆಗೂ ಮೇಜಿನ ತುದಿಯ ಜಾಗವೇ. ಅತ್ತೆ ಇದನ್ನು ಹೇಳುವಾಗ ಸಿಟ್ಟೂ ಇಲ್ಲ, ಮೆಚ್ಚುಗೆಯೂ ಇಲ್ಲ. ನನಗೆ ಮಾತ್ರ ನಮ್ಮೂರ ತೋಟಗಳಲ್ಲಿ ಆಳುಗಳಿಗೆ ಬೇರೆ ಲೋಟ ಇಡುತ್ತಿದ್ದದ್ದು ನೆನಪಾಗುತ್ತೆ.

ಪತ್ರಿಕೆಗಳು ಇವರನ್ನು ಚರ್ಚಿಗೆ ಬೆಂಕಿ ಹಚ್ಚುವ ಕೆಂಪು ರಾಕ್ಷಸರು ಅಂತ ಬರೆದಿದ್ದವು. ಬಂದವನು ನೋಡಿದರೆ ಕೊಡಲಿ ಹಿಡಿಯಲು, ಕಲ್ಲು ಜೋಡಿಸಲು, ದ್ರಾಕ್ಷಿ ಬಳ್ಳಿ ಸವರಲು ಬಲ್ಲ ರೈತ. ಸೆಪ್‌ಫೋಂ ಚರ್ಚಿನ ಒಳಗೆ ಯೇಸುವಿನ ಶಿಲುಬೆ ಹಾದಿಯ ಚಿತ್ರಗಳಿವೆ, ಬಿಡಿಸಿದ್ದು ಅದೇ ಕ್ಯಾಂಪಿನ ಒಬ್ಬ ಸ್ಪೇನಿನ ನಿರಾಶ್ರಿತ. ಸ್ಮಶಾನಕ್ಕೆ ಹೋದಾಗ ಅದನ್ನೂ ನೋಡಿ.

ಈಗ ಆ ದರ್ಜಿ. ಇದನ್ನು ಬರೆಯೋಕೆ ಮನಸ್ಸಿಲ್ಲ, ಆದರೂ ನೀವು ಕೇಳಿದ್ದೀರಿ. ಗುಂಪುಗಳಲ್ಲಿ ಸ್ಪೇನಿನವರಷ್ಟೇ ಅಲ್ಲ, ಹಿಟ್ಲರನಿಂದ ಓಡಿಬಂದ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಕಡೆಯ ಯಹೂದಿಗಳೂ ಇದ್ದರು. ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದ್ದು 1938ರ ಮಾರ್ಚ್‌ನಲ್ಲಿ, ವಿಯೆನ್ನಾದವನು ಅಂದರೆ ಆಮೇಲೆ ಓಡಿಬಂದವನು ಇರಬೇಕು. 1942ರ ಬೇಸಿಗೆಯಲ್ಲಿ ವಿಶಿ ಸರ್ಕಾರ ವಿದೇಶಿ ಯಹೂದಿಗಳನ್ನು ಜರ್ಮನ್ನರಿಗೆ ಒಪ್ಪಿಸಲು ಒಪ್ಪಿತು. 1936ರ ಜನವರಿಯಿಂದ ಈಚೆಗೆ ಬಂದವರನ್ನು ಮೊದಲು ಆರಿಸಿದರು. ಆಗಸ್ಟ್ 26ಕ್ಕೆ ದಕ್ಷಿಣದಲ್ಲೆಲ್ಲ ಒಂದೇ ಸಲ ದಾಳಿ. ಆ ಹೊತ್ತಿಗೆ ಜರ್ಮನ್ ಸೈನಿಕ ಒಬ್ಬನೂ ಈ ಹಳ್ಳಿಗಳಲ್ಲಿ ಇರಲಿಲ್ಲ. ಬಂದದ್ದು ಫ್ರೆಂಚ್ ಪೊಲೀಸರೇ. ಯಾರನ್ನೂ ಹುಡುಕಬೇಕಾಗಿ ಬರಲಿಲ್ಲ. ಗುಂಪಿನ ಕಚೇರಿಯಲ್ಲಿ ಹೆಸರು, ಹುಟ್ಟಿದ ಊರು, ಈಗ ಯಾವ ರೈತನ ಮನೆಯಲ್ಲಿದ್ದಾನೆ ಎಲ್ಲ ಬರೆದಿಟ್ಟಿದ್ದರು. ರೇಷನ್ ಕೊಡಲು ಇಟ್ಟ ಪಟ್ಟಿ ಹಿಡಿಯಲಿಕ್ಕೂ ಆಯಿತು. ಸೆಪ್‌ಫೋಂ ಕ್ಯಾಂಪಿಗೆ ತಂದು, ಅಲ್ಲಿಂದ ಪ್ಯಾರಿಸ್ ಹತ್ತಿರದ ದ್ರಾನ್ಸಿ ಕ್ಯಾಂಪು, ಅಲ್ಲಿಂದ ನಾಜಿಗಳ ಸಾವಿನ ಕ್ಯಾಂಪು ಆಶ್ವಿಟ್ಜ್.

ನಿಮ್ಮ ಹಳ್ಳಿ ಅಜ್ಜಿಗೆ ನೆನಪಿದ್ದರೆ ಇನ್ನೊಂದು ಕೇಳಿ. ಮೊಂತೊಬಾನ್‌ನ ಬಿಷಪ್ ತಿಯಾಸ್ ಇದನ್ನು ಖಂಡಿಸಿ ಒಂದು ಪತ್ರ ಬರೆದರು, ಎಲ್ಲ ಚರ್ಚುಗಳಲ್ಲಿ ಭಾನುವಾರ ಓದಬೇಕು ಅಂತ. ಅಂಚೆಗೆ ಹಾಕಿದರೆ ಸರ್ಕಾರ ತಡೆಯುತ್ತೆ. ಮರಿ ರೋಜ್ ಜಿನೆಸ್ತ್ ಅನ್ನುವ ಮಹಿಳೆ ಅದನ್ನು ಟೈಪ್ ಮಾಡಿ, ಸೈಕಲ್ ಮೇಲೆ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ಆಗಸ್ಟ್ 30ಕ್ಕೆ ಓದಿದರು. ನಿಮ್ಮ ಊರಿನ ಚರ್ಚಿನಲ್ಲೂ ಓದಿರಬಹುದು. ಅಜ್ಜಿ ಆಗ ಚಿಕ್ಕ ಹುಡುಗಿ, ಅಮ್ಮನ ಪಕ್ಕ ಕೂತಿದ್ದಿರಬೇಕು.

ರವೀಂದ್ರ ತೀರ್ಥಹಳ್ಳಿ:

ಸುಮಾ ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಹಳ್ಳಿಯವರ ಬಗ್ಗೆ ಸ್ವಲ್ಪ ಮೆದು ಆದಿರಿ ಅನಿಸಿತು. ಸಂಬಳ ಇಲ್ಲ, ಅಟ್ಟದಲ್ಲಿ ಮಲಗು, ಮೇಜಿನ ತುದಿಯಲ್ಲಿ ತಿನ್ನು. ಆ ಮನುಷ್ಯ ಕೆಲಸ ಬಿಟ್ಟು ಹೋಗಬಹುದಿತ್ತಾ? ಅದನ್ನು ಹೇಳಿ.

ಸಾಗರದ ಸುಮಾ:

ಇಲ್ಲ ರವೀಂದ್ರ, ಹೋಗುವ ಹಾಗಿರಲಿಲ್ಲ. ಅನುಮತಿ ಇಲ್ಲದೆ ಗುಂಪು ಬಿಟ್ಟರೆ ಪೊಲೀಸ್ ಹಿಂದೆ ಬೀಳುತ್ತೆ. ಸಿಕ್ಕಿಬಿದ್ದರೆ ಅರಿಯೆಜ್ ಜಿಲ್ಲೆಯ ಲ ವೆರ್ನೆ ಅನ್ನುವ ಕಠಿಣ ಕ್ಯಾಂಪು. ಹಟಮಾರಿಗಳನ್ನು ಸಮುದ್ರ ದಾಟಿಸಿ ಅಲ್ಜೀರಿಯಾಕ್ಕೂ ಕಳಿಸಿದರು, ಅಲ್ಲಿ ಮರುಭೂಮಿಯಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಸ್ಪೇನಿನವರು ಬಿದ್ದಿದ್ದರು. ಅದನ್ನೆಲ್ಲ ನೋಡಿದರೆ ಹೊಲ ಸ್ವರ್ಗ.

ಮೆದು ಆದೆ ಅಂದಿರಿ, ಇರಬಹುದು. ನನ್ನ ಮಕ್ಕಳ ರಕ್ತದಲ್ಲಿ ಇಬ್ಬರೂ ಇದ್ದಾರಲ್ಲ. ಅಜ್ಜ ಮದುವೆಯಾದದ್ದು ಪಕ್ಕದ ಹೊಲದ ರೈತನ ಮಗಳನ್ನೇ. ಆ ರೈತ ಅಜ್ಜನನ್ನು ಗುಂಪಿನಿಂದ ಕೇಳಿ ಪಡೆದದ್ದು ಕರುಣೆಯಿಂದ ಅಲ್ಲ, ಬಿಟ್ಟಿ ಆಳು ಅಂತ. ಅದೇ ರೈತ 1943ರಲ್ಲಿ ಪೊಲೀಸರು ಬಂದಾಗ ‘ಅವನು ಓಡಿಹೋದ, ನನ್ನ ಕೊಡಲಿಯನ್ನೂ ಕದ್ದ’ ಅಂತ ಸುಳ್ಳು ಹೇಳಿ ಕಾಡಿಗೆ ಬ್ರೆಡ್ಡು ಕಳಿಸಿದ. ಯಾವುದು ನಿಜವಾದ ಮನುಷ್ಯ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಪೊಲೀಸರು ಯಾಕೆ ಬಂದರು ಅನ್ನುವುದು ಮಂಜು ಅವರ ‘ಕಾಗದ ಬಂತು, ಹೋದ’ ಅನ್ನುವುದಕ್ಕೂ ಸಂಬಂಧಿಸಿದ್ದು. ಜರ್ಮನ್ನರಿಗೆ ಅಟ್ಲಾಂಟಿಕ್ ದಂಡೆಯಲ್ಲಿ ಕಾಂಕ್ರೀಟ್ ಕೋಟೆ, ಬೋರ್ದೋದಲ್ಲಿ ಜಲಾಂತರ್ಗಾಮಿಗಳ ದೊಡ್ಡ ಶೆಡ್ಡು ಕಟ್ಟಬೇಕಿತ್ತು. ಟೋಡ್ಟ್ ಅನ್ನುವ ಅವರ ನಿರ್ಮಾಣ ಸಂಸ್ಥೆ ಕೂಲಿ ಕೇಳುತ್ತಿತ್ತು. ವಿಶಿ ಸರ್ಕಾರ ತನ್ನ ಹುಡುಗರ ಬದಲು ಮೊದಲು ಈ ಗುಂಪುಗಳ ಸ್ಪೇನಿನವರನ್ನು ಮುಂದೆ ತಳ್ಳಿತು. ಅಜ್ಜಿಯ ಸ್ಪೇನಿನವನು ಹೋದದ್ದು ಹೆಚ್ಚಾಗಿ ಅಲ್ಲಿಗೆ, ಇಲ್ಲವೇ ಅಣೆಕಟ್ಟು, ಗಣಿ, ಕಾಡು. ದೊರ್ದೋಞ್ ನದಿಯ ಎಗ್ಲ್ ಅಣೆಕಟ್ಟಿನಲ್ಲಿ ಇವರ ಬೆವರು ಬಹಳ ಇದೆ.

ನಮ್ಮ ಅಜ್ಜ ಕಾಡಿಗೆ ಹೋದರು, ಇದ್ದಿಲು ಸುಡೋಕೆ. ಪೆಟ್ರೋಲು ಇರಲಿಲ್ಲ, ಲಾರಿಗಳು ಕಟ್ಟಿಗೆ, ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹೊಗೆ ಏಳುತ್ತಿದ್ದರೂ ಯಾರೂ ಅನುಮಾನ ಪಡದ ಜಾಗ ಅದು. ಎಷ್ಟೋ ಇದ್ದಿಲು ಭಟ್ಟಿಗಳಲ್ಲಿ ಹಗಲು ಇದ್ದಿಲು, ರಾತ್ರಿ ಬಂದೂಕು. ಮೂರು ವರ್ಷ ಯುದ್ಧ ಮಾಡಿ ಬಂದವರಿಗೆ ಬಂದೂಕು ಬಿಚ್ಚಿ ಜೋಡಿಸುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಜರ್ಮನಿಗೆ ಕೆಲಸಕ್ಕೆ ಹೋಗಲು ಒಲ್ಲದೆ ಕಾಡಿಗೆ ಓಡಿಬಂದ ಫ್ರೆಂಚ್ ಹುಡುಗರಿಗೆ ಇವರೇ ಮೇಷ್ಟ್ರು.

ಉಡುಪಿ ಶ್ರೀನಿವಾಸ:

ಇದ್ದಿಲು ಗ್ಯಾಸಿನ ವಾಹನ ನಮ್ಮಲ್ಲೂ ಇತ್ತು. ಯುದ್ಧದ ಕಾಲಕ್ಕೆ ದಕ್ಷಿಣ ಕನ್ನಡದಲ್ಲಿ ಬಸ್ಸಿನ ಹಿಂದೆ ಡ್ರಮ್ಮು ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ನಮ್ಮ ದೊಡ್ಡಪ್ಪ ಹೇಳುತ್ತಿದ್ದರು, ಏರು ಬಂದರೆ ಎಲ್ಲರೂ ಇಳಿದು ನೂಕಬೇಕು, ಟಿಕೆಟ್ ದುಡ್ಡು ಮಾತ್ರ ವಾಪಸ್ ಇಲ್ಲ.

ವಿಷಯಕ್ಕೆ ಹತ್ತಿರದ್ದು ಒಂದು ಸೇರಿಸುತ್ತೇನೆ. ನಾನು ಭತ್ತದ ತಳಿಗಳ ಮೇಲೆ ಕೆಲಸ ಮಾಡಿದವನು, ಒಮ್ಮೆ ಕಾಮಾರ್ಗ್ ನೋಡಿದ್ದೇನೆ. ರೋನ್ ನದಿ ಸಮುದ್ರ ಸೇರುವ ಜೌಗು ಪ್ರದೇಶ, ಫ್ರಾನ್ಸಿನ ಭತ್ತದ ಕಣಜ. ಅಲ್ಲಿ ಗದ್ದೆ ಮತ್ತೆ ಹಸಿರಾದದ್ದು ಇದೇ ಯುದ್ಧಕಾಲದಲ್ಲಿ, ವಿಯೆಟ್ನಾಮಿನ ಕೈಗಳಿಂದ. 1939–40ರಲ್ಲಿ ಫ್ರಾನ್ಸ್ ತನ್ನ ವಸಾಹತಿನಿಂದ ಸುಮಾರು 20,000 ಜನರನ್ನು ಕಾರ್ಖಾನೆ ಕೆಲಸಕ್ಕೆ ತಂದಿತ್ತು, ಬಹುತೇಕರನ್ನು ಬಲವಂತದಿಂದ. ಫ್ರಾನ್ಸ್ ಸೋತ ಮೇಲೆ ವಾಪಸ್ ಹೋಗಲು ಹಡಗಿಲ್ಲ. ಕೆಲವರನ್ನು ಕಾಮಾರ್ಗಿಗೆ ಹಾಕಿದರು. ಭತ್ತ ಬಲ್ಲವರು ಅವರು, ಬೆಳೆದು ತೋರಿಸಿದರು. ಇವರು ನಿರಾಶ್ರಿತರಲ್ಲ, ಎಳೆದು ತಂದವರು. ಕೂಲಿ ಮಾತ್ರ ಹೆಸರಿಗಷ್ಟೇ. ಈಗಿನ ಅಕ್ಕಿ ಚೀಲದ ಮೇಲೆ ಬಿಳಿ ಕುದುರೆ, ಗೂಳಿ ಚಿತ್ರ ಇರುತ್ತೆ, ಇವರ ಸುದ್ದಿ ಇರಲ್ಲ.

ಬಸವರಾಜ್ ಗದಗ:

ಇಟಲಿ ಅಂದದ್ದು ವಾಪಸ್ ತಗೊಂಡೆ! ಇನ್ನೊಂದು ಕೇಳ್ತೀನಿ. ಯುದ್ಧ ಮುಗಿದ ಮೇಲಾದರೂ ಇವರು ಊರಿಗೆ ಹೋದರಾ?

ಸಾಗರದ ಸುಮಾ:

ಹಿಟ್ಲರ್ ಹೋದ, ಇನ್ನು ಫ್ರಾಂಕೋ ಸರದಿ ಅಂತ ಎಲ್ಲರೂ ನಂಬಿದ್ದರು. 1944ರ ಆಗಸ್ಟ್ 24ರ ರಾತ್ರಿ ಪ್ಯಾರಿಸಿಗೆ ಮೊದಲು ನುಗ್ಗಿದ ಮಿತ್ರಪಡೆ ತುಕಡಿಯಲ್ಲಿ ಹೆಚ್ಚಿನವರು ಸ್ಪೇನಿನವರೇ, ಗಾಡಿಗಳಿಗೆ ಗ್ವಾದಲಹಾರಾ, ತೆರುಯೆಲ್ ಅಂತ ತಮ್ಮ ಯುದ್ಧದ ಊರುಗಳ ಹೆಸರು ಬರೆದುಕೊಂಡಿದ್ದರು. ಫ್ರಾಂಕೋನನ್ನು ಯಾರೂ ಮುಟ್ಟಲಿಲ್ಲ. ಅವನು ಸತ್ತದ್ದು 1975ರಲ್ಲಿ, ಹಾಸಿಗೆಯ ಮೇಲೆ. 1945ರ ಮಾರ್ಚ್‌ನಲ್ಲಿ ಫ್ರಾನ್ಸ್ ಇವರಿಗೆ ನಿರಾಶ್ರಿತರು ಅನ್ನುವ ಅಧಿಕೃತ ಸ್ಥಾನ ಕೊಟ್ಟಿತು. ನಮ್ಮ ಅಜ್ಜ ಮನೆಗೆ ಹೊಸ ಮಂಚ ಕೊಳ್ಳಲು ಒಪ್ಪುತ್ತಿರಲಿಲ್ಲವಂತೆ, ಹೇಗೂ ಮುಂದಿನ ವರ್ಷ ಹೋಗ್ತೀವಲ್ಲ ಅಂತ. ಅಜ್ಜಿ ಕೊನೆಗೆ ಜಗಳ ಮಾಡಿ ತಂದರು.

ಎಲ್ಲರಿಗೂ ಅಷ್ಟು ಆಯಸ್ಸು ಇರಲಿಲ್ಲ. ಒರದೂರ್ ಸ್ಯೂರ್ ಗ್ಲಾನ್ ಹಳ್ಳಿಯ ಹೆಸರು ಕೇಳಿರುತ್ತೀರಿ, 1944ರ ಜೂನ್ 10ಕ್ಕೆ ನಾಜಿ ಪಡೆ ಇಡೀ ಊರನ್ನು ಸುಟ್ಟಿತು. ಸತ್ತ 643 ಜನರಲ್ಲಿ ಸ್ಪೇನಿನ ನಿರಾಶ್ರಿತ ಕುಟುಂಬಗಳೂ ಇದ್ದವು, ಮಕ್ಕಳ ಸಮೇತ. ಆ ಊರಲ್ಲೂ ಒಂದು ಕೆಲಸಗಾರರ ಗುಂಪು ಇತ್ತು, ಅದಕ್ಕೇ ಅವರು ಅಲ್ಲಿದ್ದರು. ಆ ಸೈನ್ಯ ಹೊರಟದ್ದು ನಮ್ಮ ಮೊಂತೊಬಾನ್ ಸುತ್ತಮುತ್ತಲ ಬಿಡಾರಗಳಿಂದ.

ತುಲೂಸ್ ಮಂಜು:

ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಬಿಷಪ್ ಪತ್ರದ ಬಗ್ಗೆ ಅಜ್ಜಿಯನ್ನು ಕೇಳಿದೆ. ಪತ್ರ ನೆನಪಿಲ್ಲವಂತೆ, ಪಾದ್ರಿ ಓದುವಾಗ ಹಿಂದಿನ ಬೆಂಚಿನವರು ಎದ್ದು ಹೋದದ್ದು ನೆನಪಿದೆಯಂತೆ. ಯಾರ ಮನೆಯವರು ಅಂತ ಹೇಳಲಿಲ್ಲ, ಅವರ ಮೊಮ್ಮಕ್ಕಳು ಈಗಲೂ ಇದೇ ಬೀದಿಯಲ್ಲಿದ್ದಾರೆ ಅಂತ ನಕ್ಕರು. ಆಮೇಲೆ ದರ್ಜಿಯ ಪೂರ್ತಿ ಹೆಸರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಸ್ಪೇನಿನವನದ್ದು ಮೊದಲ ಹೆಸರು ಮಾತ್ರ ಗೊತ್ತು. ಎಲ್ಲಿ ಹುಡುಕಲಿ?

ಸಾಗರದ ಸುಮಾ:

ದರ್ಜಿಯದ್ದು ಸುಲಭ, ಬೇಜಾರಿನ ಸುಲಭ. ಪ್ಯಾರಿಸಿನ ಶೋವಾ (ಯಹೂದಿಗಳ ಹತ್ಯಾಕಾಂಡ) ಸ್ಮಾರಕದವರ ಜಾಲತಾಣದಲ್ಲಿ ಫ್ರಾನ್ಸಿನಿಂದ ಸಾಗಿಸಿದ ಯಹೂದಿಗಳ ಹೆಸರಿನ ಪಟ್ಟಿ ಇದೆ, ಸುಮಾರು 76,000 ಜನ. ಹುಟ್ಟಿದ ಊರು ವಿಯೆನ್ನಾ ಅಂತ ಹಾಕಿ, ಅಕ್ಷರ ಸ್ವಲ್ಪ ಹಿಂದೆ ಮುಂದೆ ಮಾಡಿ ಹುಡುಕಿ, ಫ್ರೆಂಚ್ ಗುಮಾಸ್ತರು ಜರ್ಮನ್ ಹೆಸರುಗಳನ್ನು ಹೇಗೆ ಬೇಕೋ ಹಾಗೆ ಬರೆದಿದ್ದಾರೆ. ಹೆಸರು ಇಲ್ಲ ಅಂದರೆ ಖುಷಿಪಡಿ, ತಪ್ಪಿಸಿಕೊಂಡಿರಬಹುದು.

ಸ್ಪೇನಿನವನಿಗೆ ಮೊಂತೊಬಾನ್‌ನ ಜಿಲ್ಲಾ ದಾಖಲೆ ಭಂಡಾರಕ್ಕೇ ಬರಬೇಕು. 1946ರ ಜನಗಣತಿ ಪುಸ್ತಕದಲ್ಲಿ ನಿಮ್ಮ ಹಳ್ಳಿ ತೆಗೆಸಿ, ಮನೆ ಮನೆ ಪ್ರಕಾರ ಹೆಸರು, ದೇಶ, ಕೆಲಸ ಇರುತ್ತೆ. ಯುದ್ಧದ ನಡುವೆ ಗಣತಿ ಆಗಲಿಲ್ಲ, ಅದರ ಹಿಂದಿನದು 1936ರದ್ದು. ಹಾಗಾಗಿ 1946ರಲ್ಲಿ ಅವನು ಸಿಕ್ಕರೆ ಉಳಿದುಕೊಂಡ ಅಂತ ಅರ್ಥ. ಸಿಗದಿದ್ದರೆ ಕೆಲಸಗಾರರ ಗುಂಪಿನ ಕಡತ ಕೇಳಿ. ಅಜ್ಜಿಯ ಅಮ್ಮನ ಹೆಸರು, ಹೊಲದ ಹೆಸರು ಎರಡನ್ನೂ ಬರೆದುಕೊಂಡು ಬನ್ನಿ, ಎಷ್ಟೋ ಕಡೆ ಆಳಿನ ಹೆಸರಿಗಿಂತ ಮಾಲೀಕರ ಹೆಸರಲ್ಲೇ ಬೇಗ ಸಿಗುತ್ತೆ. ಗುರುತಿನ ಚೀಟಿ ಮರೆಯಬೇಡಿ. ನಾನು ಹತ್ತಿರದಲ್ಲೇ ಇರೋದು, ಬರುವ ದಿನ ಇಲ್ಲೇ ಒಂದು ಮಾತು ಹಾಕಿ, ಆ ಹಳೆ ಕೈಬರಹ ಓದೋಕೆ ಅತ್ತೆಯನ್ನೂ ಕರೆತರುತ್ತೇನೆ.